ಬಾರದ ಮೂರನೆಯ ಪುಸ್ತಕ

ಗಂಡನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗ ನಾದಿನಿ ಬಾಗಿಲಲ್ಲಿ ನಿಂತು, "ಅತ್ತಿಗೆ, ಕಾದಂಬರಿ ಬರೀತಿದ್ದ ಆ ಟೀಚರಮ್ಮ ಬಂದಿದಾರೆ" ಎಂದಳು. ಇವಳ ಕೈ ಗುಂಡಿಯ ಮೇಲೇ ನಿಂತಿತು.

"ಬರೆದಿದ್ದು ಎರಡೇ ಎರಡು. ಅದಕ್ಕೆ ಅಣ್ಣನಿಗೆ ಅದೇನು ಭಕ್ತಿಯೋ. ಓದಿ ಓದಿ ಹರಿದಿದ್ದನ್ನ ಹೊಲಿದು ಓದ್ತಿದ್ದ. ಇನ್ನೊಂದು ಬರಲಿಲ್ಲ ಅಂತ ಹೆಂಡತಿ ಸತ್ತವನ ಹಾಗೆ ಕೊರಗ್ತಿದ್ದ."

"ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಿ" ಎಂದಳು ಇವಳು. ಆ ಕೊರಗಿನ ಕಾರಣ ಈ ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಅವರಲ್ಲೊಬ್ಬ ಈಗ ಮಂಚದ ಮೇಲೆ ತಣ್ಣಗೆ ಮಲಗಿದ್ದ.

*

ಮೂವತ್ತೆಂಟು ವರ್ಷದ ಹಿಂದೆ ಅವನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಅಚ್ಚಾಗಬೇಕಾದ ಹಾಳೆಗಳು ಮೇಜಿನ ಬಲಕ್ಕೆ, ಅಚ್ಚಾಗಿ ಮುಗಿದವು ಎಡಕ್ಕೆ. ಎಡಗಡೆಯವು ಮಸಿ ಒರೆಸಲು. ಒಂದು ದಿನ ಬೆಳಕು ಸಾಲದೆಂದು ಹಾಳೆಗಳ ಸಮೇತ ಮೇಜನ್ನು ತಾನೇ ಕಿಟಕಿಯತ್ತ ಹಿಂದುಮುಂದಾಗಿ ತಿರುಗಿಸಿಕೊಂಡ. ಎಡ ಬಲವಾದದ್ದು ತಲೆಗೆ ಹೊಳೆಯಲಿಲ್ಲ. ಟೀಚರಮ್ಮನ ಮೂರನೆಯ ಕಾದಂಬರಿಯ ಮೊದಲ ನಲವತ್ತು ಹಾಳೆ ಮಸಿ ಪಾಲಾದವು. ಕೊನೆಯ ಹಾಳೆ ಕೈಯಲ್ಲಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಹೆಂಗಸೊಬ್ಬಳು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

ಬೇರೆ ಪ್ರತಿ ಇರಲಿಲ್ಲ. ಉಳಿದದ್ದನ್ನು ಸುಟ್ಟುಬಿಟ್ಟೆ, ಇನ್ನು ಬರೆಯುವುದಿಲ್ಲ ಎಂದು ಟೀಚರಮ್ಮ ಅಚ್ಚುಕೂಟದ ಧಣಿಗೆ ಹೇಳಿ ಕಳಿಸಿದಳು.

"ನಾನೊಂದು ಪುಸ್ತಕ ಕೊಂದೆ ಕಣೇ" ಎಂದ ಅವನು. ಆಮೇಲೆ ಚಿಲಕದ ಮೇಲೆ ಕೈಯಿಟ್ಟ ಆ ಹೆಂಗಸು ಇವರ ಮನೆಗೇ ಬಂದು ಸೇರಿಕೊಂಡಳು. ಊಟದ ನಡುವೆ ಕೈ ನಿಲ್ಲಿಸಿ, "ಬಾಗಿಲು ತೆಗೆದಿರ್ತಾಳೆ ಅಂತೀಯಾ?" ಎಂದು ಕೇಳುವನು. ಬರಬರುತ್ತ ಇವಳಿಗೂ ಚಿಲಕ ಮುಟ್ಟಿದಾಗ ಅಲ್ಲಿ ಆಗಲೇ ಇನ್ನೊಂದು ಕೈ ಇದ್ದಂತೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

*

ಟೀಚರಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಇವಳು ನಾದಿನಿಯನ್ನು ಹೊರಗೆ ಕಳಿಸಿದಳು.

"ನಿಮ್ಮ ಪುಸ್ತಕ ಹಾಳು ಮಾಡಿದ್ದು ಇವರೇ. ನಿಮಗೆ ಮುಖ ತೋರಿಸೋ ಧೈರ್ಯ ಬರಲಿಲ್ಲ. ಕ್ಷಮಿಸಿಬಿಡಿ."

"ಧಣಿ ಆವತ್ತೇ ಹೇಳಿದ್ರು. ಕ್ಷಮೆ ಕೇಳಬೇಕಾದವಳು ನಾನು." ಮುದುಕಿ ಗೋಡೆ ಬಿಟ್ಟು ಮಂಚದ ಅಂಚು ಹಿಡಿದಳು. "ಸುಡೋಕೆ ಏನೂ ಉಳಿದಿರಲಿಲ್ಲಮ್ಮ. ಬರೆದಿದ್ದೇ ನಲವತ್ತು ಹಾಳೆ. ಅಚ್ಚಿಗೆ ಕೊಟ್ಟರಾದ್ರೂ ಮುಂದಿನದು ಹುಟ್ಟೀತು ಅಂತ ಕೊಟ್ಟೆ. ಹಾಳಾಯ್ತು ಅಂದಾಗ ಉಸಿರು ಬಂತು. ಯಾಕೆ ಬರೀಲಿಲ್ಲ ಅಂತ ಕೇಳೋರಿಗೆ ಹೇಳೋಕೆ ಒಂದು ಕಾರಣ ಸಿಕ್ತು."

"ಹಾಗಾದ್ರೆ ಅವಳು ಬಾಗಿಲು ತೆಗೀಲಿಲ್ವಾ?"

"ನನಗೂ ಗೊತ್ತಾಗಲಿಲ್ಲ. ಅದಕ್ಕೇ ನಿಂತಿದ್ದು."

ಒಂದು ಚೀಟಿ ಕಳಿಸಿದ್ದರೆ ಸಾಕಿತ್ತು. ಮೂವತ್ತೆಂಟು ವರ್ಷ ಆ ಮನುಷ್ಯ ನೆಮ್ಮದಿಯಾಗಿ ಉಣ್ಣುತ್ತಿದ್ದ. ಇವಳಿಗೆ ಮುದುಕಿಯ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಹೊರಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತು. "ಹೊತ್ತಾಯ್ತು ಅತ್ತಿಗೆ" ಎಂದು ನಾದಿನಿ ಕೂಗಿದಳು.

"ಇರಲಿ, ಕಾಯಲಿ" ಎಂದ ಇವಳು ಟೀಚರಮ್ಮನತ್ತ ತಿರುಗಿದಳು. "ನನಗೆ ಹೇಳಿ ಏನಾಗಬೇಕು? ಅವರಿಗೆ ಹೇಳಿ."

ಟೀಚರಮ್ಮ ಮೆಲ್ಲಗೆ ಮಂಚದ ಮೇಲೆ ಬಾಗಿದಳು.

"ಆ ಕಿವಿಗಲ್ಲ. ಅಚ್ಚಿನ ಮಿಷನ್ ಸದ್ದಿಗೆ ಅದು ಯಾವತ್ತೋ ಹೋಗಿದೆ. ಈ ಕಡೆ ಬನ್ನಿ, ಸ್ವಲ್ಪ ಜೋರಾಗಿ ಹೇಳಿ" ಎಂದು ಇವಳು ಗಂಡನ ಇನ್ನೊಂದು ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಬೆರಳಿಂದ ಹಿಂದಕ್ಕೆ ಸರಿಸಿದಳು.