ಎರವಲು ಉಸಿರು

“ಬಾನೆಟ್ ಮೇಲಿಂದ ಕೈ ತೆಗೀರಿ ಮೇಸ್ತ್ರಿ.”

ಗ್ಯಾರೇಜಿನ ಹಳೇ ಮೇಸ್ತ್ರಿ ತೆಗೆಯಲಿಲ್ಲ. ಹೆಣ ಹೊತ್ತ ವ್ಯಾನು ಬೀದಿಯ ತುದಿಯಲ್ಲಿ ನಿಂತು ಆಗಲೇ ಹಾರನ್ ಹೊಡೆಯುತ್ತಿತ್ತು. ಅದರ ಹಿಂದೆ ಸತ್ತವನ ಕಾರೇ ಹೋಗಬೇಕೆಂದು ಅವನ ಅಕ್ಕನ ಹಟ. ಕಾರೋ, ಅವನು ಆಸ್ಪತ್ರೆ ಸೇರಿದಾಗಿನಿಂದ ನಿಂತಲ್ಲೇ ನಿಂತು, ಈಗ ಕೀಲಿ ತಿರುಗಿಸಿದರೆ ಕೆಮ್ಮುತ್ತಲೂ ಇರಲಿಲ್ಲ.

“ಇವನನ್ನ ಯಾರು ಕರೆದ್ರು?” ಸತ್ತವನ ಅಕ್ಕ ಎಲ್ಲರಿಗೂ ಕೇಳಿಸುವಂತೆ ಅಂದಳು. “ಬದುಕಿದ್ದಾಗ ಹೊಸ್ತಿಲು ತುಳೀದೋನು, ಈಗ ಬಂದು ಕಾರಿಗೆ ಕೈ ಹಾಕ್ತಾನೆ.”

“ನಾನು ಕರೆದೆ. ಇವನು ನನ್ನ ತಮ್ಮ,” ಅಂದಳು ಸತ್ತವನ ಹೆಂಡತಿ. “ಹೊಸ್ತಿಲು ತುಳೀಬೇಡ ಅಂದೋರು ನಿಮ್ಮ ತಮ್ಮ.”

ಮೇಸ್ತ್ರಿ ಬೆವರು ಒರೆಸಿಕೊಂಡ. “ನಾನು ಸಾಯೋವರೆಗೂ ಇದನ್ನ ಯಾರಿಗೂ ತೋರಿಸ್ಬೇಡ ಅಂದಿದ್ರಮ್ಮ ಯಜಮಾನ್ರು.”

“ಸತ್ತಾಯ್ತಲ್ಲ,” ಅಂದ ತಮ್ಮ. “ಕೈ ತೆಗೀರಿ.”

*

ಹೊಸ್ತಿಲು ತಪ್ಪಿಸಿದ ಆ ಜಗಳ ಶುರುವಾದದ್ದು ಇದೇ ಮನೆಯ ಊಟದ ಮೇಜಿನ ಮೇಲೆ. ತಮ್ಮ ಭಾವನ ಗ್ಯಾರೇಜಿನಲ್ಲೇ ಕೆಲಸ ಕಲಿತು, ಎದುರು ಬೀದಿಯಲ್ಲಿ ತನ್ನದನ್ನು ತೆರೆದಿದ್ದ. ಕಾರುಗಳ ಓಟ ಹೆಚ್ಚಿಸುವುದೇ ಇಬ್ಬರ ಕಸುಬು. ಹೇಗೆ ಹೆಚ್ಚಿಸಬೇಕೆಂಬುದರಲ್ಲಿ ಮಾತ್ರ ಹಾವು ಮುಂಗುಸಿ.

“ಆರು ಸಿಲಿಂಡರಿನ ಎಂಜಿನ್‌ಗೆ ಆಕ್ಸಿಲರೇಟರ್ ಒತ್ತಿ ನೋಡು, ಕೇಳಿದ್ದನ್ನ ಆ ಕ್ಷಣ ಕೊಡುತ್ತೆ. ನಿನ್ನ ಪುಟಾಣಿ ಎಂಜಿನ್‌ಗೆ ಟರ್ಬೊ ಗಾಳಿ ಊದಬೇಕು, ಆಮೇಲೆ ಅದು ಏಳ್ಬೇಕು. ಎರವಲು ಉಸಿರು ಕಣೋ ಅದು.”

“ಎದ್ಮೇಲೆ ಹಿಡಿಯೋಕಾಗುತ್ತಾ ಭಾವ? ನಿಮ್ಮದಕ್ಕೆ ಇನ್ನಷ್ಟು ಶಕ್ತಿ ಬೇಕಂದ್ರೆ ಎಂಜಿನ್ ಪೂರ್ತಿ ಬಿಚ್ಚಬೇಕು. ನಂದಕ್ಕೆ ಗಾಳಿ ಒತ್ತಡ ಒಂಚೂರು ಏರಿಸಿದ್ರೆ ಸಾಕು. ನಿಮ್ಮ ಕಾರಿಗೆ ಮೂಗೇ ಭಾರ, ತಿರುವಲ್ಲಿ ಬಗ್ಗಲ್ಲ.”

ಮರುದಿನ ಗುಡ್ಡದ ರಸ್ತೆಯಲ್ಲಿ ಇಬ್ಬರೂ ಪಂದ್ಯ ಕಟ್ಟಿ ಓಡಿಸಿದರು. ನೇರ ರಸ್ತೆಯಲ್ಲಿ ಭಾವ ಮುಂದಿದ್ದ. ತಿರುವುಗಳು ಬಂದವು, ಪುಟಾಣಿ ಎಂಜಿನ್ ಗೆದ್ದಿತು. ಅಂದು ಊಟಕ್ಕೆ ಕೂತ ತಮ್ಮ ಸುಮ್ಮನಿರಬಾರದೇ? ನಕ್ಕುಬಿಟ್ಟ. ಭಾವ ಅವನ ಮುಂದಿದ್ದ ತಟ್ಟೆ ಎತ್ತಿ ಅಂಗಳಕ್ಕೆ ಎಸೆದ. ಬಡಿಸುತ್ತಿದ್ದ ಹೆಂಡತಿಗೆ ಅಲ್ಲಿಗೆ ತವರು ಮುಗಿಯಿತು.

*

ಬಾನೆಟ್ ಎದ್ದಿತು. ಭಾರೀ ಎಂಜಿನ್ ಇರಬೇಕಾದಲ್ಲಿ ಪುಟ್ಟದೊಂದು ಕೂತಿತ್ತು, ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂಥ ಟರ್ಬೊ. ತಮ್ಮ ನಗಲಿಲ್ಲ.

“ಯಾವಾಗ ಹಾಕಿದ್ದು?” ಹೆಂಡತಿ ಮೇಸ್ತ್ರಿಯನ್ನು ಕೇಳಿದಳು.

“ತುಂಬ ವರ್ಷ ಆಯ್ತಮ್ಮ. ಬಾಗಿಲು ಹಾಕ್ಕೊಂಡು ಇಬ್ಬರೇ ಕೂರಿಸಿದ್ವಿ.”

“ಮತ್ತೆ ನನ್ನ ತಮ್ಮನ್ನ ಯಾಕೆ ಕರೀಲಿಲ್ಲ?”

“ಕರೆದ್ರೆ ಸೋತೆ ಅಂತ ಒಪ್ಪಿಕೊಂಡ ಹಾಗಾಗ್ತಿತ್ತಲ್ಲಮ್ಮ.”

ಬೇರೆ ಕಾರಿನ ಬ್ಯಾಟರಿಯಿಂದ ತಂತಿ ಎಳೆದು ತಮ್ಮ ಎಂಜಿನ್ ಎಬ್ಬಿಸಿದ. ಅವಳು ಅವನ ಪಕ್ಕದಲ್ಲಿ ಕೂತಳು. ಸ್ಮಶಾನದ ಬಾಗಿಲಲ್ಲಿ ಹೆಣ ಇಳಿಸುತ್ತಿದ್ದರೂ ತಮ್ಮ ಎಂಜಿನ್ ಆರಿಸದೆ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.

“ಇನ್ನೇನು ನೋಡ್ತಿದೀಯ? ಆರಿಸು.”

“ತಕ್ಷಣ ಆರಿಸ್ಬಾರ್ದು ಅಕ್ಕ. ಓಡಿ ಬಂದ ಟರ್ಬೊ ಕೆಂಡ ಆಗಿರುತ್ತೆ. ಎಂಜಿನ್ ನಿಂತ್ರೆ ಅದಕ್ಕೆ ಎಣ್ಣೆ ಹರಿಯೋದೂ ನಿಲ್ಲುತ್ತೆ. ಸ್ವಲ್ಪ ಹೊತ್ತು ಹೀಗೇ ಬಿಟ್ಟು, ತಣ್ಣಗಾದ್ಮೇಲೆ ಆರಿಸ್ಬೇಕು.”

“ಪ್ರತಿ ಸಲಾನೂ ಹೀಗೇನಾ?” ಅಂದಳು ಅವಳು.

*

ಬದುಕಿದ್ದಾಗ ದಿನಾ ಸಂಜೆ ಗಂಡ ಗೇಟಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ ಒಳಗೇ ಕೂತಿರುತ್ತಿದ್ದ. ಅಡುಗೆಮನೆ ಕಿಟಕಿಯಿಂದ ಅವಳು ನೋಡುತ್ತಿದ್ದಳು. ಮೊದಮೊದಲು ಸುಸ್ತು ಅಂದುಕೊಂಡಳು. ಒಮ್ಮೆ ತಡೆಯಲಾರದೆ ಕೇಳಿಯೂ ಬಿಟ್ಟಳು: “ಒಳಗೆ ಬರೋಕೆ ಅಷ್ಟು ಕಷ್ಟಾನಾ?”

“ನಿಂಗೆ ಅರ್ಥ ಆಗಲ್ಲ ಬಿಡು.”

ಅರ್ಥವಾಯಿತು ಅಂದುಕೊಂಡಳು. ತನ್ನ ಮುಖ ಕಂಡರಾಗದು, ಅಷ್ಟೇ. ಅಂದಿನಿಂದ ಅವನ ಊಟ ಮುಚ್ಚಿಟ್ಟು ಬೇರೆ ಕೋಣೆಯಲ್ಲಿ ಮಲಗತೊಡಗಿದಳು. ಅವನೂ ಯಾಕೆ ಎಂದು ಕೇಳಲಿಲ್ಲ.

*

ಸುಟ್ಟು ಬಂದರು. ಬರುವ ದಾರಿಯುದ್ದಕ್ಕೂ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿ. ಅವನು ತನ್ನನ್ನು ದ್ವೇಷಿಸಿದ್ದರೂ ಆಗುತ್ತಿತ್ತು. ಅವನು ತನ್ನನ್ನು ನೆನೆಸಿಕೊಂಡೂ ಇರಲಿಲ್ಲ, ಒಂದು ಕಬ್ಬಿಣ ತಣ್ಣಗಾಗಲೆಂದು ಕಾಯುತ್ತಿದ್ದ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಜಂಬ ಅದಕ್ಕೂ ಬಿಡಲಿಲ್ಲ.

ತಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿದ. ಎಂಜಿನ್ ಗುರುಗುಡುತ್ತಲೇ ಇತ್ತು. ಅವಳು ತಲೆ ಎತ್ತಿದಳು. ಅಡುಗೆಮನೆ ಕಿಟಕಿಯಲ್ಲಿ ಗಂಡನ ಅಕ್ಕ ಮುಖ ಗಂಟಿಕ್ಕಿಕೊಂಡು, ಇವರೇಕೆ ಇಳಿಯುತ್ತಿಲ್ಲವೆಂದು ನೋಡುತ್ತಿದ್ದಳು.

ಅವಳು ಕೈ ಚಾಚಿ ಕೀಲಿ ತಿರುಗಿಸಿ, ಕಿತ್ತುಕೊಂಡಳು.

“ಅಕ್ಕಾ! ಇನ್ನೂ ಕಾದಿದೆ, ಹಾಳಾಗುತ್ತೆ!”

“ಆಗ್ಲಿ.”

ತಮ್ಮ ಇಳಿದು ಹೋದ. ಬಾನೆಟ್ಟಿನೊಳಗೆ ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು, ಕಿಟಕಿಯ ಆ ಮುಖವನ್ನೇ ನೋಡುತ್ತ, ಅವಳು ಇಳಿಯದೆ ಕೂತೇ ಇದ್ದಳು.