ಸೀಸದ ಒಳಮೈ

ಮಂಜು, ಮೇ ತಿಂಗಳಿನಲ್ಲಿ ಇಷ್ಟೊಂದು ಮಂಜು, ವರ್ಷದ ಕೊನೆಯ ಚಳಿ ತರುತ್ತಾರೆನ್ನುವ ಚಳಿಯ ಸಂತರ ಮೂರು ಹಬ್ಬದ ದಿನ ಕಳೆದ ಮೇಲೂ, ಕತೀಡ್ರಲಿನ ಎರಡು ಗೋಪುರಗಳನ್ನೂ ಯಾರೋ ನಡುವಿಗೇ ಒರೆಸಿಹಾಕಿದಂತಿದೆ, ಬಾಗಿಲ ಇಕ್ಕೆಲದ ಕಲ್ಲಿನ ಸಂತರು ಮಾತ್ರ ಒದ್ದೆ ಮೂಗು ಹೊತ್ತು ನಿಂತಿದ್ದಾರೆ, ಸೊಲಾಂಜ್ ಮೆಟ್ಟಿಲು ಹತ್ತುತ್ತಾಳೆ, ಒಂದು, ಎರಡು, ಮೂರನೆಯದು ಸವೆದು ಬಟ್ಟಲಾಗಿದೆ, ಅಲ್ಲಿ ಕಾಲು ತಾನಾಗಿ ಎಡಕ್ಕೆ ಸರಿಯುತ್ತದೆ, ಐವತ್ತೆಂಟು ವರ್ಷದ ಕಾಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ — ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡಿದ್ದಾಳೆ, ಚೀಲದೊಳಗೆ ಒಂದು ಕರವಸ್ತ್ರ, ಕರವಸ್ತ್ರದೊಳಗೆ ಮೂರು ಚೂರು ಗಾಜು, ಏಳುನೂರು ವರ್ಷದ ಗಾಜು, ಮೂರೂ ಸೇರಿದರೆ ಒಂದು ಮುಖ, ಅವಳ ಕೈಯಿಂದ ಜಾರಿ ಒಡೆದದ್ದು, ಮೂವತ್ತೆಂಟು ವರ್ಷದಿಂದ ಬೀರುವಿನ ತಳದಲ್ಲಿ ಮಲಗಿದ್ದದ್ದು. ಹತ್ತು ಗಂಟೆಗೆ ಬನ್ನಿ ಅತ್ತೆ, ಎಂದಿದ್ದಳು ಎಡಿತ್ ಫೋನಿನಲ್ಲಿ, ರೊಟ್ಟಿಯವರ ಕಿಟಕಿ ಚೌಕದಲ್ಲಿ ಗಾಜು ಹಿಡಿದಿರೋ ಸೀಸ ಬಿಚ್ತೀವಿ, ಅಪ್ಪನ ಜೊತೆ ಅದನ್ನ ಕೂರಿಸಿದ್ದು ನೀವೇ ಅಲ್ವಾ, ನೀವಿಲ್ದೆ ಬಿಚ್ಚೋಕೆ ನಂಗೆ ಮನಸ್ಸೇ ಬರಲ್ಲ. ಅಪ್ಪ ಎಂದರೆ ಗುಯೋ ಮೇಸ್ತ್ರಿ, ಇವಳಿಗೆ ಗಾಜಿನ ಕೆಲಸ ಕಲಿಸಿದವರು, ಯುದ್ಧ ಬರುತ್ತದೆ ಎನ್ನುವಾಗ ಈ ಕಿಟಕಿಗಳ ಒಂದೊಂದು ಗಾಜಿಗೂ ಅಂಕಿ ಹಾಕಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಮಲಗಿಸಿ, ಲಾರಿಯ ಹಿಂದೆ ತಾವೂ ಕೂತು ದಕ್ಷಿಣಕ್ಕೆ ಸಾಗಿಸಿದವರು, ಮರಳಿ ತಂದು ಕೂರಿಸಿ, ಬಿಷಪ್ಪರ ಎದುರು ಟೋಪಿ ತೆಗೆದು, ಒಂದು ಚೂರೂ ಕಳೆದಿಲ್ಲ ಸ್ವಾಮಿ, ಎಂದವರು. ಉತ್ತರದ ಬಾಗಿಲ ಗೋಡೆಯಲ್ಲಿ ಆ ಮಾತನ್ನೇ ಕೆತ್ತಿದ್ದಾರೆ, ಅವರ ಹೆಸರಿನ ಕೆಳಗೆ, ಅಮೃತಶಿಲೆಯಲ್ಲಿ.

ಒಳಗೆ ಮೇಣದ ವಾಸನೆ, ಕಲ್ಲಿನ ತಣ್ಪು ಅಂಗಾಲಿನಿಂದ ಮೊಣಕಾಲಿಗೆ ಏರುತ್ತದೆ, ಪವಿತ್ರ ನೀರಿಗೆ ಬೆರಳದ್ದಿ ಶಿಲುಬೆ ಬರೆದುಕೊಳ್ಳುತ್ತಾಳೆ, ಹಣೆ, ಎದೆ, ಭುಜ, ಭುಜ, ಪ್ರಭುವೇ ನನಗೆ ಬಾಯಿ ಕೊಡು — ಇಲ್ಲ, ಬಾಯಿ ಕಟ್ಟು, ಯಾವುದನ್ನು ಬೇಡಬೇಕೆಂದೇ ತಿಳಿಯುತ್ತಿಲ್ಲ. ಕಂಬಗಳು ಮೇಲೆ ಮೇಲೆ ಹೋಗಿ ಕತ್ತಲಲ್ಲಿ ಕೈ ಕೈ ಹಿಡಿದಿವೆ, ನೀಲಿ ಗಾಜೆಲ್ಲ ಇವತ್ತು ಬೂದಿ ಬಣ್ಣ, ಎಡಗಡೆ ಮೂರನೆಯ ಕಿಟಕಿಯ ಕೆಳಚೌಕಕ್ಕೆ ಮರದ ಹಲಗೆ ಬಡಿದಿದ್ದಾರೆ, ಆದರೂ ಇವತ್ತು ಸಂತ ಒನೊರೇ ಹಬ್ಬ, ರೊಟ್ಟಿಯವರ ಹಬ್ಬ, ಹಲಗೆಯ ಕೆಳಗೇ ಆರೇಳು ರೊಟ್ಟಿ ಸಾಲಾಗಿ ಇಟ್ಟಿದ್ದಾರೆ, ಬೇಕರಿಯ ಜೆರ್ಮೇನ್ ಗಂಟೆ ಬಾರಿಸುವ ಫರ್ನಾಂನ ಜೊತೆ ಜಗಳಕ್ಕೆ ನಿಂತಿದ್ದಾಳೆ, ನಮ್ಮ ಹುಡುಗನ್ನ ಎಲ್ಲಿ ಕೂಡಿಹಾಕಿದೀರಪ್ಪಾ, ಹಬ್ಬದ ದಿನಾನೂ ಮುಖ ತೋರಿಸಲ್ವಾ, ಸ್ನಾನಕ್ಕೆ ಹೋಗಿದಾನೆ ತಾಯಿ, ಏಳುನೂರು ವರ್ಷದ ಕೊಳೆ ಅಲ್ವಾ, ಸ್ವಲ್ಪ ತಡ ಆಗುತ್ತೆ, ನಿನ್ ಕೊಳೆ ಯಾವಾಗ ಹೋಗುತ್ತೋ ಮಾರಾಯ! ನಮ್ಮ ಹುಡುಗ, ಎನ್ನುತ್ತಾರೆ ಎಲ್ಲರೂ, ಬುಟ್ಟಿ ಹಿಡಿದ ರೊಟ್ಟಿಗಾರನಿಗೆ, ಕೆಳಚೌಕ, ಕೈಗೆಟುಕುವಷ್ಟು ಹತ್ತಿರ, ಆ ಮುಖಕ್ಕೆ ಬೇರೆ ಯಾವ ಕಿಟಕಿಯಲ್ಲೂ ಇಲ್ಲದ ಒಂದು ನೋಟ, ನಿಮ್ಮನ್ನು ದಾಟಿ ಪಕ್ಕಕ್ಕೆ ನೋಡುವ ಕಣ್ಣು — ರೆಮಿಯ ಕಣ್ಣು, ಅಣ್ಣನ ಕಣ್ಣು, ಅದು ಇವಳೊಬ್ಬಳಿಗೆ ಗೊತ್ತು, ಅಮ್ಮನಿಗೂ ಗೊತ್ತಿತ್ತೇನೋ, ಕೇಳಲಿಲ್ಲ, ಅಮ್ಮ ಸಾಯುವವರೆಗೂ ಪ್ರತಿ ಭಾನುವಾರ ಇದೇ ಕಂಬಕ್ಕೆ ಒರಗಿ ಕೂರುತ್ತಿದ್ದಳು, ಪೂಜೆ ಮುಗಿದರೂ ಏಳುತ್ತಿರಲಿಲ್ಲ. ಜರ್ಮನರು ರೆಮಿಯನ್ನು ಲಾರಿ ಹತ್ತಿಸಿದಾಗ ಅವನ ಮೊಣಕೈವರೆಗೂ ಹಿಟ್ಟು, ಇವಳು ಓಡಿ ಹೋಗಿ ಲಾರಿಯ ಹಲಗೆ ಹಿಡಿದಳು, ಅವನು ಇವಳನ್ನು ನೋಡಲಿಲ್ಲ, ಇವಳ ಭುಜದ ಮೇಲಿಂದ ತಮ್ಮ ರೊಟ್ಟಿ ಅಂಗಡಿಯ ಹೊಗೆಗೂಡಿನತ್ತ ನೋಡಿದ, ಎರಡನೇ ಒಲೆ ರೊಟ್ಟಿ ಹಾಕಿದೀನಿ ಕಣೇ, ಸುಟ್ಟೋಗುತ್ತೆ, ಓಡು. ಅಷ್ಟೇ. ಮರಳಿ ಬರಲಿಲ್ಲ.

ತಾಡಪಾಲು ಸರಿಸಿದರೆ ಉತ್ತರದ ಪ್ರಾರ್ಥನಾಕೋಣೆ, ಮೇಜು, ಬಿಳಿ ಕಾಗದ, ಅದರ ಮೇಲೆ ಚೌಕ, ರೊಟ್ಟಿಗಾರ ಅಂಗಾತ ಮಲಗಿದ್ದಾನೆ, ಹಿಂದೆ ಬೆಳಕಿಲ್ಲ, ಅತ್ತೆ ಬಂದ್ರಾ, ಕೂತ್ಕೊಳ್ಳಿ, ಕೈ ಯಾಕೆ ಇಷ್ಟು ತಣ್ಣಗಿದೆ, ಎಡಿತ್‌ಗೆ ತಂದೆಯ ಅಗಲ ಹಣೆ, ಏಳು ವರ್ಷದವಳಿದ್ದಾಗ ಕಿಟಕಿಗೆ ಹಚ್ಚುವ ಸುಣ್ಣದ ಮುದ್ದೆ ತಿಂದು ಹೊಟ್ಟೆನೋವೆಂದು ಇವಳ ಮಡಿಲಲ್ಲೇ ಅತ್ತಿದ್ದವಳು, ಹನ್ನೊಂದಕ್ಕೆ ಪ್ಯಾರಿಸಿನಿಂದ ಅಧಿಕಾರಿ ಬರ್ತಾರೆ, ಅಷ್ಟರೊಳಗೆ ತಲೆ ಬಿಡಿಸ್ತೀನಿ, ಎನ್ನುತ್ತಾಳೆ, ಚೂರಿಯ ತುದಿಯನ್ನು ಸೀಸದ ಪಟ್ಟಿಯ ಅಂಚಿಗೆ ತೂರಿಸುತ್ತಾಳೆ. ಈಗ. ಈಗಲೇ ಹೇಳು. ಸೀಸ ಎದ್ದರೆ ಅಂಚು ಮಾತಾಡುತ್ತದೆ, ಹಳಬರು ಗಾಜನ್ನು ಕಾದ ಕಬ್ಬಿಣದಿಂದ ಸೀಳಿ ಚಿಮುಟದಲ್ಲಿ ಕಡಿದು ಕಡಿದು ಆಕಾರ ಕೊಡುತ್ತಿದ್ದರು, ಅಂಚು ಇಲಿ ಕಚ್ಚಿದ ಹಾಗೆ, ಇವಳು ಮುಖ ಒಡೆದ ಮೇಲೆ ಆ ಭಾನುವಾರ ಊರೆಲ್ಲ ಪೂಜೆಗೆ ಹೋಗಿದ್ದಾಗ ಬದಲಿ ಗಾಜನ್ನು ಗಡಿಬಿಡಿಯಲ್ಲಿ ಚಕ್ರದ ಕತ್ತರಿಯಿಂದ ಕೊಯ್ದುಬಿಟ್ಟಳು, ದಾರ ಹಿಡಿದಂಥ ನೇರ ಅಂಚು, ಮೊದಲ ವಾರದಲ್ಲೇ ಕಲಿಯುವ ಪಾಠ, ಮರೆತಳು, ಮುಖದ ಗೆರೆ ಎಳೆಯುವಾಗ ಬೇರೇನೂ ನೆನಪಾಗಲಿಲ್ಲ, ಹಳೆಯ ಮುಖ ನೇರ ನೋಡುತ್ತಿತ್ತು, ಕುಂಚ ತಾನಾಗಿ ಕಣ್ಣನ್ನು ಪಕ್ಕಕ್ಕೆ ಸರಿಸಿತು —

ಟಕ್, ಸೀಸ ಎದ್ದಿತು, ಎಡಿತ್ ಬಾಗಿದಳು, ಅಂಚು ನೋಡಿದಳು, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು, ಇದು ಹೊಸಾದು, ಅತ್ತೆ, ಇದು ಹಳೇ ಗಾಜಲ್ಲ, ಆಮೇಲೆ ಬಿಡಿಸಿದ ಪಟ್ಟಿಯನ್ನು ಕಿಟಕಿಯತ್ತ ಹಿಡಿದಳು, ಕೆಲಸಗಾರರು ಸೀಸದ ಒಳಮೈಯಲ್ಲಿ ಹೆಸರು, ವರ್ಷ ಗೀರುವುದುಂಟು, ಮುಂದಿನ ಶತಮಾನದಲ್ಲಿ ಬಿಚ್ಚುವವನಿಗೆಂದು, ಎಡಿತ್ ಅಲ್ಲಿ ಗೀರಿದ್ದನ್ನು ಗಟ್ಟಿಯಾಗಿ ಓದಲು ಹೊರಟು ನಡುವೆ ದನಿ ಇಳಿಸಿದಳು: ತಲೆ ನನ್ನ ಕೈಯಲ್ಲಿ ಒಡೆಯಿತು, ದೇವರು ಕ್ಷಮಿಸಲಿ, ಗುಯೋ, ೧೯೪೬. ನನ್ನ ಕೈಯಲ್ಲಿ — ಯಾರ ಕೈಯಲ್ಲಿ, ಇವಳ ಕಿವಿಯಲ್ಲಿ ನೀರು ತುಂಬಿದ ಹಾಗೆ, ಆ ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದವರೇ ಗಾಜಿನ ಬಣ್ಣ ಸುಡುವ ಕುಲುಮೆಯ ಮೇಲೆ ಅಂಗೈ ಇಟ್ಟಿದ್ದರು, ಭಾನುವಾರದ ಬಿಸಿ ಇನ್ನೂ ಇತ್ತು, ಏನೂ ಕೇಳಲಿಲ್ಲ, ಚೌಕ ನೋಡಿದರು, ತಲೆಯ ಸುತ್ತ ಸೀಸ ತೆಳುವಾಯ್ತು ಮಗಳೇ, ನಾನು ಬದಲಾಯಿಸ್ತೀನಿ, ನೀನು ಊಟಕ್ಕೆ ಹೋಗು, ಅಮ್ಮ ಕಾಯ್ತಿರ್ತಾಳೆ, ಅವರಿಗೆ ಕಣ್ಣು ಮಂದವಾಗಿದೆ, ಕಾಣಲಿಲ್ಲ ಎಂದುಕೊಂಡಳು ಇವಳು, ಮೂವತ್ತೆಂಟು ವರ್ಷ ಹಾಗೇ ಅಂದುಕೊಂಡಳು, ಸತ್ತಾಗ ಅವರ ಕಾಲಿಗೆ ಹೂ ಇಟ್ಟು, ಕಾಣದೇ ಹೋಯಿತಲ್ಲ ಸದ್ಯ, ಎಂದುಕೊಂಡಳು.

ಎಡಿತ್ ಕುರ್ಚಿಯ ಅಂಚಿಗೆ ಕೂತಳು. ಸುಳ್ಳು ಹೇಳಿದ್ರಾ ಅಪ್ಪ, ಬಿಷಪ್ಪರ ಎದುರಿಗೆ, ಊರ ಎದುರಿಗೆ? ನಾನು ಆ ಕಲ್ಲಿನ ಮೇಲೆ ಕೈಯಾಡಿಸ್ಕೊಂಡೇ ದೊಡ್ಡವಳಾದೆ ಅತ್ತೆ. ವರದೀಲಿ ಬರೀಲೇಬೇಕು, ಬರೀದೆ ಬಿಡೋ ಹಾಗಿಲ್ಲ. ಹಳೇದು ಸಿಗಲ್ಲ, ಎಲ್ಲಿ ಎಸೆದ್ರೋ, ಇದನ್ನೇ ವಾಪಸ್ ಕೂರಿಸ್ತೀವಿ, ಬೇರೆ ದಾರಿ ಏನಿದೆ, ಅಪ್ಪನ ಹೆಸರು ಬರೆದು. ಇದನ್ನೇ ವಾಪಸ್ — ಸೊಲಾಂಜಳ ಬೆರಳು ಚೀಲದ ಕೊಂಡಿಯ ಮೇಲೆ ನಿಂತಿತು, ಸುಮ್ಮನಿದ್ದರೆ ಸಾಕು, ಒಂದು ಮಾತೂ ಆಡಬೇಕಿಲ್ಲ, ರೆಮಿ ಮತ್ತೆ ಬೆಳಕಿಗೆ ಏರುತ್ತಾನೆ, ಜೆರ್ಮೇನಳ ರೊಟ್ಟಿ ಅವನ ಕಾಲಬುಡದಲ್ಲಿ, ಅಮ್ಮನ ಕಂಬ ಅಲ್ಲೇ, ತಪ್ಪನ್ನು ಮೇಸ್ತ್ರಿಯೇ ಹೊತ್ತುಕೊಂಡಿದ್ದಾರಲ್ಲ, ತಾವಾಗಿ, ಸತ್ತವರಿಗೆ ಅಮೃತಶಿಲೆ ಯಾಕೆ — ಹನ್ನೊಂದಕ್ಕೆ ಇನ್ನು ಎಷ್ಟು ಹೊತ್ತು, ಹೊರಗೆ ಫರ್ನಾಂ ನಗುತ್ತಿದ್ದಾನೆ, ಎಡಿತ್ ಮೂಗು ಒರೆಸಿಕೊಂಡು ಕಾಗದಕ್ಕೆ ಕೈ ಹಾಕುತ್ತಾಳೆ, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಅಪ್ಪನ ಹೆಸರಿನ ಮೊದಲ ಅಕ್ಷರ, ಅಗಲ ಹಣೆ, ಹೊಟ್ಟೆನೋವಿನ ಮಗು — ಬರೀಬೇಡ ಕಣೇ, ಎಂದಿತು ಯಾರದೋ ದನಿ, ತನ್ನದೇ, ಕೊಂಡಿ ತೆರೆಯಿತು, ಕರವಸ್ತ್ರ ಎಡಿತಳ ಅಂಗೈಗೆ ಹೋಯಿತು, ಒಡೆದದ್ದು ನಾನು, ನಿಮ್ಮಪ್ಪ ಅಲ್ಲ, ಇದನ್ನ ಮೊದಲೇ ತರಬೇಕಿತ್ತು. ಎಡಿತ್ ಕರವಸ್ತ್ರ ಬಿಚ್ಚಿದಳು. ಒಂದು ಚೂರು, ಇನ್ನೊಂದು, ಮೂರನೆಯದನ್ನು ಬೆರಳ ತುದಿಯಿಂದ ತಳ್ಳಿದಳು, ಹಳೆಯ ಮುಖ ಕೂಡಿಕೊಂಡಿತು, ಇಬ್ಬರನ್ನೂ ನೇರ ನೋಡಿತು, ಆ ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಇನ್ನೊಂದು ಮುಖ, ಇನ್ನು ಕಿಟಕಿಗೆ ಏರದ್ದು, ಬೆಳಕಿಲ್ಲದೆ ಕೆಸರಿನ ಬಣ್ಣ, ಎರಡು ಸಣ್ಣ ಗೆರೆಯ ಕಣ್ಣು, ಇವಳು ಬಾಗಿದಳು, ಎದುರಿಗೆ ಸರಿದು ನಿಂತಳು, ಆ ಕಡೆಯಿಂದ ಬಾಗಿದಳು, ಇಲ್ಲ, ಇವಳತ್ತ ಇಲ್ಲ, ಭುಜದ ಮೇಲಿಂದ, ಹೊಗೆಗೂಡಿನತ್ತ, ಆ ಕಣ್ಣು, ಪಕ್ಕಕ್ಕೆ, ಆ ಕಣ್ಣು —