ಭಾರದ ಸಾಮಾನು

ಬಂದರಿಗೆ ಬಂದು ಹಾಯಿದೋಣಿ ಕಟ್ಟಿದ ಮೇಲೂ ತಂಗಿಗೆ ಕಾಲಡಿಯ ನೆಲ ತೂಗುತ್ತಲೇ ಇತ್ತು. ಅಕ್ಕ ಭಾವನ ಆ ದೋಣಿಯೇ ಅವಳ ಮನೆಯಾಗಿ ವರ್ಷಗಳಾಗಿದ್ದವು. ಬಂದರಿನಿಂದ ಬಂದರಿಗೆ ತಿರುಗುವುದು ಭಾವನ ಹುಚ್ಚು. ಹೋದಲ್ಲೆಲ್ಲ ಬೇರೆ ದೋಣಿಯವರ ಹಾಯಿ, ಟಾರ್ಪಾಲು ಹೊಲಿದುಕೊಟ್ಟು ಒಲೆ ಆರದಂತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ.

ಈ ಸಲದ ಬಿರುಗಾಳಿ ಮೂವರನ್ನೂ ಹಿಂಡಿ ಹಿಪ್ಪೆ ಮಾಡಿತ್ತು. ಒಳಗೆ ನುಗ್ಗಿದ ನೀರನ್ನು ಅವಳು ದೋಣಿಯ ಮುಂಭಾಗದಲ್ಲಿ ಕೂತು ಪಂಪು ಒತ್ತಿ ಒತ್ತಿ ಹೊರಹಾಕಿದ್ದಳು. ಅಂಗೈ ತುಂಬ ಬೊಕ್ಕೆ. ಈಗ ಹಾಸಿಗೆ, ಬಟ್ಟೆ ಎಲ್ಲವನ್ನೂ ಕಟ್ಟೆಯ ಮೇಲೆ ಒಣಹಾಕಿ, ದೋಣಿಯೊಳಗೆ ಬಂದು ತನ್ನ ಮಂಚದಡಿ ಕೈ ಹಾಕಿದಳು. ಅಲ್ಲಿಟ್ಟಿದ್ದ ಅವಳ ಹೊಲಿಗೆ ಮೆಷಿನ್ ಇರಲಿಲ್ಲ.

"ಭಾರ ಇಳಿಸ್ದೆ ಇದ್ರೆ ಮುಳುಗ್ತಿದ್ವಿ ಕಣಮ್ಮ," ಎಂದ ಭಾವ. "ಭಾರದ್ದನ್ನೆಲ್ಲ ನೀರಿಗೆ ಹಾಕ್ಬೇಕಾಯ್ತು. ಜೀವ ಉಳೀತಲ್ಲ, ಅಷ್ಟೇ ಸಾಕು."

ಅದೂ ನಿಜವೇ ಅನ್ನಿಸಿತು. ಕೆಲಸಕ್ಕೆ ಮರಳಿದಳು. ಆದರೆ ಸ್ವಲ್ಪ ಹೊತ್ತಿಗೇ, ಒದ್ದೆ ಹಗ್ಗ ಎಳೆಯುವಾಗ, ದೋಣಿಯ ಹಿಂಬದಿಯ ಗೂಡಿನಲ್ಲಿ ಭಾವ ಕಡಲಡಿ ಮುಳುಗಲು ಬಳಸುವ ಗಾಳಿ ಸಿಲಿಂಡರುಗಳು ಸಿಕ್ಕವು. ಕಂಬಳಿ ಸುತ್ತಿ, ಅಲುಗದಂತೆ ಬಿಗಿದು ಕಟ್ಟಿತ್ತು. ಒಂದೊಂದೂ ಮೆಷಿನ್‌ಗಿಂತ ಭಾರ.

ಬಿರುಗಾಳಿ ಬೀಸಿದಷ್ಟೂ ಹೊತ್ತು ಭಾವ ಮೇಲೆ ಚುಕ್ಕಾಣಿ ಹಿಡಿದಿದ್ದವನು. ಕೆಳಗಿನಿಂದ ಸಾಮಾನು ಎತ್ತಿಕೊಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು.

ಅಕ್ಕ ಬಟ್ಟೆ ಹಿಂಡುತ್ತಿದ್ದಳು. "ನಾನೇ ಕೊಟ್ಟೆ. ಅವ್ರ ಸಾಮಾನು ಮುಟ್ಟಿದ್ರೆ ಆಮೇಲೆ ಅವ್ರ ಬಾಯಿಗೆ ಸಿಕ್ಕಿ ಬದುಕೋರು ಯಾರು? ನೀನಾದ್ರೆ ಸುಮ್ನಿರ್ತೀಯ ಅಂತ ಗೊತ್ತಿತ್ತು."

"ಗೊತ್ತಿತ್ತಾ?"

"ಚಿಕ್ಕಂದಿನಿಂದ ನೋಡಿಲ್ವಾ ನಿನ್ನ," ಎಂದಳು ಅಕ್ಕ, ಹೊಗಳುವವಳ ಹಾಗೆ.

ಬಡವರ ಸಿಟ್ಟು ದವಡೆಗೆ ಮೂಲ. ಸಂಜೆ ಭಾವ ಹರಿದ ದೊಡ್ಡ ಹಾಯಿಯನ್ನು ಅವಳ ಮುಂದೆ ಹಾಸಿ, "ಮೆಷಿನ್ ಇಲ್ಲ ಅಂತ ಮುಖ ಊದಿಸ್ಕೋಬೇಡ. ನಿನ್ನ ಕೈ ಯಾವ ಮೆಷಿನ್‌ಗೆ ಕಮ್ಮಿ?" ಎಂದು ನಕ್ಕ. ಅವಳು ಬಂದರಿನ ಹಿಂದಿನ ಗಲ್ಲಿಯ ಹಾಯಿ ಹೊಲಿಯುವ ಅಂಗಡಿಗೆ ಹೋಗಿ ದಪ್ಪ ಸೂಜಿ, ಮೇಣ ಸವರಿದ ದಾರ ಕೇಳಿ ತಂದಳು. ಬೊಕ್ಕೆ ಒಡೆದ ಕೈಯಲ್ಲೇ ಹೊಲಿದಳು. ಒಂದು ಹೊಲಿಗೆಯಲ್ಲೂ ಮೋಸ ಮಾಡಲಿಲ್ಲ. ಆ ಹಾಯಿಯನ್ನೇ ನಂಬಿ ಅಕ್ಕನೂ ಕಡಲಿಗಿಳಿಯಬೇಕಲ್ಲ.

ಸೂಜಿ ಹಿಂತಿರುಗಿಸಲು ಹೋದವಳು ಅಲ್ಲೇ ಕೆಲಸ ಕೇಳಿದಳು. ಅಂಗಡಿಯ ಯಜಮಾನಿ ಅವಳ ಅಂಗೈ ಹಿಡಿದು ನೋಡಿ, "ಇದು ಮೊದ್ಲು ವಾಸಿಯಾಗ್ಲಿ. ಅಲ್ಲೀವರ್ಗೂ ಬಟ್ಟೆ ಅಳತೆ ಮಾಡ್ತಾ ಇರು," ಎಂದಳು.

ಬ್ಯಾಗು ತರಲು ದೋಣಿಗೆ ಹೋದಾಗ ಅಕ್ಕ ಅತ್ತಳು. ಇರು ಅನ್ನಲಿಲ್ಲ. "ನಾವು ಹೊರಡೋ ಮುಂಚೆ ಹೇಳಿ ಕಳಿಸ್ತೀನಿ, ಬಾ," ಎಂದಳಷ್ಟೆ.

ಯಾರೂ ಹೇಳಿ ಕಳಿಸಲಿಲ್ಲ. ಒಂದು ಮಧ್ಯಾಹ್ನ ಬ್ರೆಡ್ಡು, ಹಣ್ಣು ಕಟ್ಟಿಕೊಂಡು ತಾನೇ ಹೋದಳು. ದೋಣಿಯಿದ್ದ ಜಾಗದಲ್ಲಿ ಬರೀ ನೀರು. ಪಕ್ಕದ ದೋಣಿಯ ಮುದುಕ ತಲೆಯೆತ್ತಿ, "ಅವ್ರು ನಿನ್ನೆನೇ ಹೋದ್ರಲ್ಲಮ್ಮ. ನಿಂಗೆ ಹೇಳಿರ್ಲಿಲ್ವಾ?" ಎಂದ.

"ಹೇಳಿದ್ರು. ನಾನೇ ಮರೆತೆ," ಎಂದಳು.